ಕಣ್ಣೂರು ಕಡಲಿಗೆ ಹಾಕಿದ ಪ್ಲಾನು

ನಾನು ಮೊದಲಿನಿಂದಲೂ ಹೆದರುಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತಿದ್ದೆ, ಬಸ್ಸು ಹೊಳೆಯ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆದರೆ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ನಮ್ಮ ಮನೆಯವರೆಲ್ಲ ಸೇರಿ ಎರಡು ದಿನದ ಪ್ರವಾಸಕ್ಕೆ ಪ್ಲಾನು ಹಾಕಿದಾಗ ನಾನು ಪಟ್ಟ ಭಯ ಇದೆಯಲ್ಲ, ಅಂಥದ್ದನ್ನು ಅದಕ್ಕೆ ಮುಂಚೆ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ನಗುವವರು ನಗಲಿ. ಕಾಡು, ಆನೆ, ಸಮುದ್ರ ಅಂದರೆ ಜನ ತುದಿಗಾಲಲ್ಲಿ ನಿಲ್ಲುತ್ತಾರೆ. ನಾನು ಅದನ್ನು ತಪ್ಪಿಸಿಕೊಳ್ಳುವುದಕ್ಕೆ ಆಡಬಾರದ ಸುಳ್ಳು ಆಡಿದೆ.

ನನ್ನ ತವರು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರದ ಒಂದು ಹಳ್ಳಿ. ನಾಲೆ, ಭತ್ತದ ಗದ್ದೆ, ಕಬ್ಬು. ಆನೆಯನ್ನು ನಾನು ಕಂಡದ್ದು ಮೈಸೂರಿನಲ್ಲಿ, ಸರಪಳಿ ಹಾಕಿದ್ದನ್ನು. ಮದುವೆಯಾಗಿ ಬಂದದ್ದು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರಿಗೆ. ಅದು ಹೊಗೆಸೊಪ್ಪಿನ ಸೀಮೆ. ಮನೆಯಲ್ಲಿ ಇದ್ದದ್ದು ಮೂರೇ ಜನ: ನನ್ನ ಗಂಡ, ಅವರ ತಾಯಿ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇದ್ದೊಬ್ಬ ನಾದಿನಿಯನ್ನು ಕೆ.ಆರ್. ನಗರ ಪಟ್ಟಣಕ್ಕೆ ಕೊಟ್ಟಿತ್ತು. ಅವಳ ಗಂಡನಿಗೆ ಗೊಬ್ಬರದ ಅಂಗಡಿ, ಇಬ್ಬರು ಹೆಣ್ಣುಮಕ್ಕಳು.

ನಮ್ಮತ್ತೆ ಮಾತು ಕಡಿಮೆಯ ಹೆಂಗಸು. ಮಡಿ ಮೈಲಿಗೆಯಲ್ಲಿ ಮಾತ್ರ ಬಲು ಖಡಕ್ಕು. ಮುಟ್ಟಾದ ಹೆಂಗಸು ಮೂರು ದಿನ ಮನೆಯ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಊರಿನಲ್ಲಿ ಬೇರೆಯವರು ಅಷ್ಟರಲ್ಲಾಗಲೇ ಒಂದಿಷ್ಟು ಸಡಿಲ ಬಿಟ್ಟಿದ್ದರು. ನಮ್ಮಲ್ಲಿ ಮನೆದೇವರ ಪೆಟ್ಟಿಗೆ ಇತ್ತು, ಅದಕ್ಕೇ ಆ ಮಾತೇ ಇಲ್ಲ. ಮನೆಯ ಮಗ್ಗುಲಿಗೆ ಸೊಪ್ಪು ವಿಂಗಡಿಸುವ ಶೆಡ್ಡು. ಅದರ ಒಂದು ಮೂಲೆಯಲ್ಲಿ ಚಾಪೆ, ಒಂದು ತಟ್ಟೆ, ಒಂದು ಲೋಟ. ತಿಂಗಳಿಗೆ ಮೂರು ದಿನ ಅದೇ ನನ್ನ ಮನೆ. ಅಪ್ಪಿತಪ್ಪಿ ನನ್ನ ಸೆರಗು ತಾಕಿದರೂ ಅತ್ತೆ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಹೋಗುವವರು.

ಸೊಪ್ಪು ಮಾರಿ ಮುಗಿದ ಮೇಲಿನ ಒಂದು ತಿಂಗಳು ನಮ್ಮ ಸೀಮೆಯಲ್ಲಿ ಎಲ್ಲರ ಕಾಲಿಗೂ ಚಕ್ರ ಕಟ್ಟಿರುತ್ತದೆ. ಅಂಥ ಒಂದು ಭಾನುವಾರ ನಾದಿನಿ ಮಕ್ಕಳನ್ನು ಕರೆದುಕೊಂಡು ಬಂದಳು. ಬಂದವಳು ಕೈಕಾಲು ತೊಳೆಯುವುದಕ್ಕೂ ಮುಂಚೆ ಶುರುಮಾಡಿದಳು.

‘ಅಣ್ಣ, ಈ ವರ್ಸ ಸಮುದ್ರ ನೋಡ್ಲೇಬೇಕು ಕಣೋ. ಮಕ್ಕಳು ಪ್ರಾಣ ತಿಂತಾವೆ. ನಮ್ಮೋರು ವ್ಯಾನ್ ಮಾತಾಡ್ತೀನಿ ಅಂದವ್ರೆ.’

ನನ್ನ ಗಂಡನಿಗೆ ಅಷ್ಟು ಸಾಕು. ಹಳೇ ಅಟ್ಲಾಸಿನ ಹಾಳೆಯೊಂದನ್ನು ಹುಡುಕಿ ತಂದು ಜಗುಲಿಯ ಮೇಲೆ ಹರಡಿಕೊಂಡು ಕೂತರು. ಅರ್ಧ ಗಂಟೆಯಲ್ಲಿ ದಾರಿ ತೀರ್ಮಾನವಾಯಿತು. ಶನಿವಾರ ಬೆಳಗಿನ ಜಾವ ಹೊರಡುವುದು, ಕೋಟೆ ದಾಟಿ ಅಂತರಸಂತೆಗೆ ಹೋಗುವುದು, ಕಬಿನಿ ಹಿನ್ನೀರಿನಲ್ಲಿ ದೋಣಿಯಲ್ಲಿ ಕೂತು ಆನೆ, ಜಿಂಕೆ ನೋಡುವುದು. ಸಂಜೆಯೊಳಗೆ ಕಾಡು ದಾಟಿ ಗಡಿಯ ಬಾವಲಿ ಗೇಟು ಹಾದು ಮಾನಂದವಾಡಿಯಲ್ಲಿ ರೂಮು ಮಾಡುವುದು. ಮಾರನೆಯ ದಿನ ಘಾಟಿ ಇಳಿದು ಕಣ್ಣೂರು, ಸಮುದ್ರ. ಬರುವಾಗ ವಿರಾಜಪೇಟೆ, ಪಿರಿಯಾಪಟ್ಟಣದ ಮೇಲೆ ಮನೆಗೆ.

‘ಅತ್ಗೆ ಪಿಯುಸಿ ಓದವ್ರೆ, ಅಕ್ಷರ ದುಂಡಗದೆ. ಎಲ್ಲಾನೂ ಅವ್ರೇ ಬರ್ಕೊಳ್ಲಿ,’ ಅಂದಳು ನಾದಿನಿ. ಮಗುವಿನ ನೋಟ್‌ಬುಕ್ಕೊಂದನ್ನು ನನ್ನ ಕೈಗೆ ತುರುಕಿದರು.

ಅತ್ತೆ ಬೇಡ ಅನ್ನುತ್ತಾರೆ ಎಂದು ನನಗೆ ನೂರಕ್ಕೆ ನೂರು ನಂಬಿಕೆ. ಹುಣಸೂರಿನ ಸಂತೆಗೂ ನನ್ನನ್ನು ಒಬ್ಬಳನ್ನೇ ಕಳಿಸದ ಹೆಂಗಸು. ಆದರೆ ಅವರು ಕಂಬಕ್ಕೆ ಒರಗಿ ಕೂತಿದ್ದವರು ನನ್ನ ಕಡೆ ಒಂದು ಸಲ ನೋಡಿ, ‘ಓಗದಾದ್ರೆ ಎಲ್ರೂ ಓಗನ ಬುಡು. ಇವ್ಳೂ ಬರ್ಲಿ,’ ಅಂದುಬಿಟ್ಟರು. ನಾನು ತಲೆ ಬಗ್ಗಿಸಿ ಬರೆಯತೊಡಗಿದೆ. ಏನು ಬರೆದೆನೋ ನನಗೇ ಗೊತ್ತಿಲ್ಲ.

ಯಾಕೆಂದರೆ ಆವತ್ತಿಗೆ ನನಗೆ ಐವತ್ತು ದಿನ ದಾಟಿತ್ತು. ಅದು ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಅದು ಹೇಗೆ ಯಾರಿಗೂ ತಿಳಿಯಲಿಲ್ಲ ಅಂದರೆ, ಸಂಕ್ರಾಂತಿಗೆ ತವರಿಗೆ ಹೋಗಿ ಹದಿನೈದು ದಿನ ಇದ್ದೆ. ನನ್ನ ದಿನ ಅಲ್ಲೇ ಬರಬೇಕಾಗಿತ್ತು, ಬರಲಿಲ್ಲ. ಎರಡು ದಿನ ಹಿಂದುಮುಂದು ಆಗುವುದು ಇದ್ದದ್ದೇ ಎಂದು ನನ್ನವ್ವ ಸುಮ್ಮನಾದಳು. ಗಂಡನ ಮನೆಗೆ ವಾಪಸ್ಸು ಬಂದಾಗ, ತವರಲ್ಲೇ ಮುಗಿಸಿಕೊಂಡು ಬಂದಿರಬೇಕೆಂದು ಅತ್ತೆ ಅಂದುಕೊಂಡಿರಬಹುದು ಎಂದು ನಾನೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದಿದ್ದುದಕ್ಕೆ ಕಾರಣವಿತ್ತು. ಅದಕ್ಕೆ ಮೊದಲು ಎರಡು ಸಲ ಹೋಗಿತ್ತು. ಮೊದಲನೆಯ ಸಲ ಒಂದೂವರೆ ತಿಂಗಳಿಗೇ ಗಂಡನಿಗೆ ಹೇಳಿಬಿಟ್ಟೆ. ಈ ಪುಣ್ಯಾತ್ಮ ಖುಷಿ ತಡೆಯಲಾರದೆ ಊರಿನ ಟೀ ಅಂಗಡಿಯಲ್ಲಿ ಮೈಸೂರು ಪಾಕು ಹಂಚಿದರು. ಹತ್ತೇ ದಿನ. ಆಮೇಲೆ ಸಿಹಿ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿಕೊಂಡು ಹೋದರು. ಎರಡನೆಯ ಸಲ ಕೋಟೆ ಕಡೆಯ ಒಂದು ಮದುವೆಗೆ ಟೆಂಪೋದ ಹಿಂದೆ ಕೂತು ಹೋಗಿದ್ದೆ, ಅದೇ ರಸ್ತೆಯಲ್ಲಿ. ಮದುವೆ ಮನೆಯಿಂದ ನೆಟ್ಟಗೆ ಹುಣಸೂರಿನ ಆಸ್ಪತ್ರೆಗೆ ಕರೆತಂದರು. ‘ಮುಂದಿನ ಸಲ ಮೂರು ತಿಂಗಳು ತುಂಬುವವರೆಗೆ ಕುಲುಕಾಟ ಬೇಡಮ್ಮ, ಬಹಳ ಜೋಪಾನ,’ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿ ಕಳಿಸಿದರು.

ಹೇಳಿದ್ದಕ್ಕೇ ಒಂದು ಹೋಯಿತು, ಕುಲುಕಿದ್ದಕ್ಕೆ ಇನ್ನೊಂದು ಹೋಯಿತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಓದಿದವಳು ನಾನು. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಬೇರೆಯವರಿಗೆ ಭಾಷಣ ಬಿಗಿಯುವವಳೂ ನಾನೇ. ಭಯ ಬಂದಾಗ ಓದು ಯಾವ ಮೂಲೆಗೆ ಹೋಯಿತೋ! ಮೂರು ತಿಂಗಳು ತುಂಬುವ ತನಕ ಗಂಡನಿಗಿರಲಿ, ದೇವರ ಮುಂದೆಯೂ ಬಾಯಿ ಬಿಡಕೂಡದು ಎಂದು ನಿರ್ಧಾರ ಮಾಡಿದ್ದೆ. ಬಾಯಿ ಬಿಟ್ಟರೆ ಪ್ರವಾಸವೇನೋ ನಿಲ್ಲುತ್ತದೆ, ಗುಟ್ಟು ಉಳಿಯುವುದಿಲ್ಲ. ಬಾಯಿ ಬಿಡದಿದ್ದರೆ ಅದೇ ಕೋಟೆ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗಬೇಕು. ಯಾವ ಕಡೆ ತಿರುಗಿದರೂ ನನಗೆ ದಿಕ್ಕು ತೋಚದಂತಾಯಿತು.

ಸರಿ, ಇವರನ್ನೇ ಹೆದರಿಸಿ ಹಿಂದೆ ಸರಿಸೋಣ ಎಂದುಕೊಂಡೆ. ಮೊದಲು ಆನೆಯನ್ನು ಹಿಡಿದುಕೊಂಡೆ. ‘ದೋಣಿಯಲ್ಲಿ ಕೂತಿರುವಾಗ ಆನೆ ನೀರಿಗೆ ಇಳಿದುಬಿಟ್ಟರೆ? ಅದಕ್ಕೆ ಈಜು ಬರುತ್ತದಂತೆ,’ ಅಂದೆ.

ಗಂಡ ಬಿದ್ದು ಬಿದ್ದು ನಕ್ಕರು. ‘ನಮ್ ಜೋಳದ ಹೊಲಕ್ಕೆ ಬಂದಾಗ ನೀನು ಕದ ಹಾಕ್ಕೊಂಡು ಮಲ್ಗಿದ್ದಲ್ಲ, ಆ ಆನೆ ಕಣೇ ಇದು. ಹೊಸದೇನಲ್ಲ.’

‘ಅದ್ನೇ ನಾನೂ ಕೇಳದು,’ ಅಂದರು ಅತ್ತೆ. ‘ಹೊಲಕ್ಕೆ ಬಂದ್ರೆ ಪಟಾಕಿ ಹೊಡ್ದು ಓಡುಸ್ತೀರಿ. ಅಲ್ಲೋಗಿ ಟಿಕೇಟ್ ತಕಂಡು ನೋಡ್ತೀರಾ? ನಿಮ್ಗೇನ್ ಬಂದದೆ ಬೇನೆ?’

‘ಇಲ್ಲಿ ಓಡುಸ್ತಾ ನೋಡ್ತೀವಿ ಕಣವ್ವ. ಅಲ್ಲಿ ಕೂತ್ಕಂಡು ನೋಡ್ಬೋದು.’

ಆನೆ ಕೈಕೊಟ್ಟಿತು. ಕಾಡುಗಳ್ಳನನ್ನು ತಂದೆ. ಆ ಕಾಲದಲ್ಲಿ ಅವನ ಹೆಸರು ಕೇಳಿದರೆ ಹಾಲು ಕುಡಿಯುವ ಮಗುವೂ ಸುಮ್ಮನಾಗುತ್ತಿತ್ತು. ಅವನು ಇರುವುದು ಆ ಕಡೆಯ ಕಾಡಿನಲ್ಲಿ, ಈ ಕಡೆಗೆ ಅವನಿಗೇನು ಕೆಲಸ ಎಂದು ಅದನ್ನೂ ತಳ್ಳಿಹಾಕಿದರು. ಸಮುದ್ರದ ಅಲೆ ಕಾಲು ಎಳೆದುಕೊಂಡು ಹೋಗುತ್ತದೆ ಅಂದೆ. ‘ಅಯ್ಯೋ ಅತ್ಗೆ, ನಾಲೆ ಪಕ್ಕ ಹುಟ್ಟಿ ನೀರಿಗೆ ಹೆದರ್ತೀರಲ್ಲ,’ ಎಂದು ನಾದಿನಿ ನನ್ನ ಭುಜಕ್ಕೆ ಹೊಡೆದು ನಕ್ಕಳು. ಹೆದರಿಸಲು ಹೋದವಳು ನಾನೇ ಹೆದರಿದೆ. ಹೇಳಿದ್ದೆಲ್ಲ ರಾತ್ರಿ ಕನಸಿಗೆ ಬರತೊಡಗಿತು.

ವಾರವಿಡೀ ಮನೆಯಲ್ಲಿ ಇದೇ ಗುಂಗು. ಪಟ್ಟಿ ಬರೆಯುವವಳು ನಾನು. ಪುಳಿಯೋಗರೆ ಗೊಜ್ಜು, ಚಪಾತಿ, ಚಟ್ನಿಪುಡಿ, ಹುರಿದ ಕಡಲೆಕಾಯಿ, ಎರಡು ದಿನ ಮುದ್ದೆ ಇಲ್ಲದೆ ಇರಲಾರದ ಗಂಡನಿಗೆ ರಾಗಿ ರೊಟ್ಟಿ. ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕೆಂದೂ ಬರೆಸಿದರು. ಮುಂದೆ ನಾದಿನಿಯ ಗಂಡ, ನಡುವೆ ಅತ್ತೆ, ನಾದಿನಿ, ಮಕ್ಕಳು. ಹಿಂದಿನ ಸೀಟು ನನಗೆ ಮತ್ತು ನನ್ನ ಗಂಡನಿಗೆ. ನೀವು ಹರೆಯದವರು, ತಡೆದುಕೊಳ್ಳುತ್ತೀರಿ ಎಂದರು. ಅದು ಚಕ್ರದ ಮೇಲಿನ ಸೀಟು. ಅದನ್ನೂ ನನ್ನ ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ.

ಅತ್ತೆ ಆ ವಾರ ಒಂದು ಥರಾ ಇದ್ದರು. ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ‘ಘಾಟಿ ರಸ್ತೆಯಂತೆ. ನಿಂಗೆ ವಾಂತಿ ಗೀಂತಿ ಬತ್ತದಾ?’ ಎಂದು ಒಂದು ದಿನ. ‘ಉಪ್ಪಿನಕಾಯಿ ಜಾಸ್ತಿ ತಕಳನಾ?’ ಎಂದು ಇನ್ನೊಂದು ದಿನ. ‘ಅಷ್ಟು ದೂರ ಕೂತ್ಕಳಕ್ಕೆ ಆದದಾ ನಿನ್ ಕೈಲಿ?’ ಎಂದು ಮತ್ತೊಂದು ದಿನ. ಸಿಕ್ಕಿಬಿದ್ದೆ ಎಂದು ಗಾಬರಿಯಾಗಿ, ‘ನಂಗೇನೂ ಆಗಲ್ಲ ಅತ್ತೆ, ಚೆನ್ನಾಗಿದ್ದೀನಿ,’ ಎಂದು ನಗುನಗುತ್ತಾ ಹೇಳುತ್ತಿದ್ದೆ. ಅವರು ಇನ್ನೂ ಒಂದು ಗಳಿಗೆ ನಿಂತಿದ್ದು ಆಚೆ ಹೋಗುತ್ತಿದ್ದರು.

ಗುರುವಾರ ಮಧ್ಯಾಹ್ನ ಗಂಡ ಬಂದರು. ವ್ಯಾನಿನ ಡ್ರೈವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಂತರಸಂತೆಯಿಂದ ಆಚೆಗೂ ಹೋಗಿ ದಾರಿ ನೋಡಿ ಬಂದಿದ್ದರು. ಮೈಯೆಲ್ಲ ಕೆಂಧೂಳು.

‘ರಸ್ತೆ ಅಂತ ಕರೀಬೇಕು ಅಷ್ಟೇ,’ ಎಂದು ಚೊಂಬು ನೀರು ಗಟಗಟ ಕುಡಿದರು. ‘ಗುಂಡಿ ಮೇಲೆ ಗುಂಡಿ. ಹಿಂದಿನ ಸೀಟಲ್ಲಿ ಕೂತೋರ ಕರುಳು ಬಾಯಿಗೆ ಬತ್ತದೆ, ನೋಡ್ತಿರು!’ ಅದು ಅವರಿಗೆ ತಮಾಷೆ.

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ಹೇಳಿದರು. ಕಾಡು ಹೊಗುವ ಕಡೆ ಒಂದು ಅಮ್ಮನ ಗುಡಿ ಇದೆ, ಅಲ್ಲಿ ಕಾಯಿ ಒಡೆಯದೆ ಡ್ರೈವರು ಗಾಡಿ ಮುಂದಕ್ಕೆ ಬಿಡುವುದಿಲ್ಲವಂತೆ. ‘ಮೈಲಿಗೆಯೋರು ಯಾರಾದ್ರೂ ಗಾಡೀಲಿದ್ರೆ ಆನೆ ಅಡ್ಡ ಬಂದು ನಿಂತ್ಕತದೆ, ಅಂಥದ್ದೇನಾರ ಇದ್ರೆ ಮೊದ್ಲೇ ಹೇಳ್ಬುಡಿ ಅಂದವ್ನೆ. ನೀವ್ ನೀವೇ ನೋಡ್ಕಳಿ ಅವ್ವ.’

ಬಾಗಿಲೊಂದು ತೆರೆದಂತಾಯಿತು ನನಗೆ. ಬೇರೇನೂ ಯೋಚಿಸಲಿಲ್ಲ. ಯೋಚಿಸಿದ್ದರೆ ನಾಲಿಗೆ ಏಳುತ್ತಿರಲಿಲ್ಲ. ಅತ್ತೆ ಹಿತ್ತಿಲಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಹೋಗಿ ನಾಲ್ಕು ಮಾರು ದೂರದಲ್ಲಿ ನಿಂತುಕೊಂಡೆ.

‘ಅತ್ತೆ, ನಾನು ಆಚೆ ಆದೆ.’

ಮೊರದ ಮೇಲಿನ ಕೈ ನಿಂತಿತು. ‘ಯಾವಾಗ?’

‘ಈಗ.’

‘ದಿಟವಾ?’

ಯಾರಾದರೂ ಇದನ್ನು ದಿಟವಾ ಎಂದು ಕೇಳುತ್ತಾರೆಯೇ? ಆಗ ನನಗದು ಹೊಳೆಯಲಿಲ್ಲ. ‘ಹೂಂ,’ ಅಂದೆ. ಅತ್ತೆ ಮೊರದ ಕಡೆ ನೋಡಿಕೊಂಡೇ, ‘ಓಗು, ಶೆಡ್ಡಲ್ಲಿ ಚಾಪೆ ಹಾಕ್ಕೊ,’ ಅಂದರು. ಧ್ವನಿ ಬಿದ್ದುಹೋಗಿತ್ತು. ಪ್ರವಾಸ ಕೆಟ್ಟಿತೆಂದು ಸಿಟ್ಟು ಬಂದಿರಬೇಕು ಎಂದುಕೊಂಡು ನಾನು ಶೆಡ್ಡಿಗೆ ನಡೆದೆ.

ಚಾಪೆಯ ಮೇಲೆ ಕೂತೆ. ಅಬ್ಬ, ಬದುಕಿದೆ ಅಂದುಕೊಂಡೆ. ಅಷ್ಟೇ. ಆ ನೆಮ್ಮದಿ ಕಾಲು ಗಂಟೆಯೂ ಉಳಿಯಲಿಲ್ಲ.

ಮನೆಯಲ್ಲಿ ಯಾರಾದರೂ ಕೆಟ್ಟದ್ದು ನುಡಿದರೆ, ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಅಸ್ತು ಅಂದುಬಿಡುತ್ತಾರೆ, ಬಾಯಿ ಮುಚ್ಚು ಎಂದು ನನ್ನ ಅಜ್ಜಿ ಗದರುತ್ತಿದ್ದಳು. ನಾನೇನು ನುಡಿದಿದ್ದೆ? ನನ್ನ ಹೊಟ್ಟೆಯಲ್ಲಿರುವುದು ಇಲ್ಲ ಎಂದು ನನ್ನ ಬಾಯಿಂದ ನಾನೇ ಹೇಳಿದ್ದೆ. ರಕ್ತ ಬಂದಿದೆ ಎಂದು ಹೇಳಿದ್ದೆ. ನೆತ್ತಿಯ ಮೇಲೆ ಹೆಂಚು, ಅದರಾಚೆ ಆಕಾಶ, ಅಲ್ಲಿಂದ ಯಾರೋ ಅಸ್ತು ಎಂದದ್ದು ಕೇಳಿಸಿತೇನೋ ಎಂದು ನಾನು ನಿಜವಾಗಿಯೂ ತಲೆಯೆತ್ತಿ ನೋಡಿದೆ. ಆ ಕ್ಷಣದಿಂದ ಕಿಬ್ಬೊಟ್ಟೆಯಲ್ಲಿ ಏನೋ ಹಿಂಡತೊಡಗಿತು. ನಿಜವಾಗಿ ಹಿಂಡುತ್ತಿತ್ತೋ, ಭಯಕ್ಕೆ ಹಾಗನಿಸಿತೋ ಇವತ್ತಿಗೂ ಹೇಳಲಾರೆ. ಎದ್ದು ಹಿತ್ತಿಲ ಬೇಲಿಯ ಮರೆಗೆ ಹೋಗಿ ನೋಡಿಕೊಂಡೆ. ಏನೂ ಇರಲಿಲ್ಲ. ಬಂದು ಕೂತೆ. ಮತ್ತೆ ಎದ್ದೆ, ಮತ್ತೆ ನೋಡಿದೆ. ಸಂಜೆಯೊಳಗೆ ಎಷ್ಟು ಸಲ ಹೋದೆನೋ ದೇವರೇ ಬಲ್ಲ.

ಸುಳ್ಳು ಆಡಿದರೆ ಮುಗಿಯಲಿಲ್ಲ, ಅದನ್ನು ನಡೆಸಬೇಕಲ್ಲ! ಬಳಸಿದ ಬಟ್ಟೆಯನ್ನು ಬೆಳಿಗ್ಗೆ ಒಗೆದು ಶೆಡ್ಡಿನ ಹಿಂದಿನ ತಂತಿಗೆ ಹಾಕುವುದು ಪದ್ಧತಿ. ಅದು ಕಾಣದಿದ್ದರೆ ಅತ್ತೆಗೆ ಅನುಮಾನ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಒಗೆದಿಟ್ಟಿದ್ದ ಒಣ ಬಟ್ಟೆಯನ್ನೇ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ತಂತಿಯ ಮೇಲೆ ಹರಡಿದೆ. ಆಟಕ್ಕೂ ಆಡಬಾರದ ಆಟ ಅದು. ‘ಇದು ಸುಳ್ಳು, ಇದು ಸುಳ್ಳು, ನೀನು ನಂಬಬೇಡ,’ ಎಂದು ಹೊಟ್ಟೆ ಮುಟ್ಟಿಕೊಂಡು ಬಾಯೊಳಗೇ ಹೇಳಿಕೊಂಡೆ. ಹುಚ್ಚು ಹಿಡಿದವರು ಹೀಗೇ ಇರುತ್ತಾರೇನೋ.

ಮಧ್ಯಾಹ್ನದ ಹೊತ್ತಿಗೆ ನಾದಿನಿ, ಅವಳ ಗಂಡ, ಮಕ್ಕಳು ಬಂದಿಳಿದರು. ಮಾರನೆಯ ದಿನ ಅಲ್ಲಿಂದಲೇ ಹೊರಡುವುದೆಂದು ಮೊದಲೇ ಮಾತಾಗಿತ್ತು. ಜಗುಲಿಯಲ್ಲಿ ಗಲಾಟೆ ಕೇಳಿಸಿತು. ಪ್ರವಾಸ ನಿಲ್ಲಲಿಲ್ಲ. ನಾನು ಬರುವ ಹಾಗಿಲ್ಲ, ನನಗೆ ಅನ್ನ ನೀರು ಕೊಡಲು ಅತ್ತೆ ಉಳಿಯುತ್ತಾರೆ, ಮಿಕ್ಕವರೆಲ್ಲ ಹೋಗುವುದು ಎಂದು ಮಾತಾಯಿತು. ನನ್ನ ಗಂಡ ಒಂದು ಸಲ, ‘ಇನ್ನೊಂದ್ ವಾರ ಬುಟ್ಟು ಓಗನಾ?’ ಅಂದರು. ಮಕ್ಕಳು ಅತ್ತವು. ಅಲ್ಲಿಗೆ ಅದೂ ಮುಗಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮತ್ತು ನಾದಿನಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದರು. ಆ ಕಲ್ಲು ಶೆಡ್ಡಿನ ಗೋಡೆಗೆ ಅಂಟಿಕೊಂಡ ಹಾಗೇ ಇತ್ತು. ನಾನು ಮಲಗಿದ್ದೇನೆ ಎಂದು ತಿಳಿದರೋ ಏನೋ. ಮೊದಲು ಮೂಗು ಸೀಟಿದ್ದು ಕೇಳಿಸಿತು. ನಮ್ಮತ್ತೆ ಅಳುತ್ತಿದ್ದರು. ಎರಡು ಸಲ ನನಗೆ ಹೋದಾಗಲೂ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

‘ನಿಂತದೆ ಅಂದ್ಕಂಡಿದ್ದೆ ಕಣಮ್ಮಿ,’ ಅಂದರು. ‘ತವರಿಂದ ಬಂದಾಗಿಂದ ನೋಡ್ತಿವ್ನಿ. ಮೊಕ ಬೇರೆ ಥರಾ ಆಗಿತ್ತು. ಬೆರಳು ಮಡಿಸ್ಕಂಡು ದಿನ ಎಣಿಸ್ಕತಿದ್ದೆ.’

‘ಬಾಯ್ಬುಟ್ಟು ಕೇಳ್ಬಾರ್ದಾಗಿತ್ತಾ ಅವ್ವ?’

‘ಎಂಗೇ ಕೇಳ್ಳಿ? ಆವತ್ತು ಕೇಳಿದ್ಕೇ, ಊರಿಗೆಲ್ಲಾ ಗೊತ್ತಾಗಿದ್ಕೇ ಹೋಯ್ತು ಅಂತ ನಂಗೆ. ಕೇಳಕ್ಕೆ ಜೀವ ಬರ್ನಿಲ್ಲ. ನೀನು ಟ್ರಿಪ್ಪು ಅಂದೆ. ಸರಿ, ಹೂಂ ಅಂದ್ಬುಡನ, ಇದ್ರೆ ಅವ್ಳೇ ನಾ ಬರಾಕಿಲ್ಲ ಅಂತಾಳೆ, ಅಷ್ಟಕ್ಕೇ ತಿಳ್ಕಬೋದು ಅಂತ ಕಾಯ್ಕಂಡು ಕೂತಿದ್ದೆ. ದಿನಾ ಕೆದಕ್ತಿದ್ದೆ. ನಂಗೇನೂ ಆಗಲ್ಲ ಅತ್ತೆ, ನಂಗೇನೂ ಆಗಲ್ಲ ಅತ್ತೆ ಅಂತಾಳೆ ಅದು. ಈಗ ನೋಡು. ತಂತಿ ಮ್ಯಾಲೆ ಬಟ್ಟೆ ಒಣಗಾಕವ್ಳೆ.’

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಅಂದರೆ ಈ ಪ್ರವಾಸ ಅತ್ತೆಗೂ ಬೇಡವಾಗಿತ್ತು. ಕೇಳಲು ಹೆದರಿದ ಒಬ್ಬಳು, ಹೇಳಲು ಹೆದರಿದ ಇನ್ನೊಬ್ಬಳು, ಇಬ್ಬರೂ ಸೇರಿ ಕಣ್ಣೂರಿನ ತನಕ ದಾರಿ ಹಾಕಿದ್ದೆವು. ಆ ಕ್ಷಣವೇ ಎದ್ದು ಹೋಗಿ ಹೇಳಿಬಿಡಬೇಕಿತ್ತು. ಗೋಡೆಗೆ ಕೈ ಕೊಟ್ಟು ಎದ್ದೂ ಎದ್ದೆ. ಆದರೆ ಬಾಗಿಲ ತನಕ ಹೋಗಿ ನಿಂತೆ. ಈಗ ಹೇಳಿದರೆ ಒಳಗೆ ನಾದಿನಿ, ಅವಳ ಗಂಡ, ಮಕ್ಕಳು, ಎಲ್ಲರ ಕಿವಿಗೂ ಒಟ್ಟಿಗೇ ಬೀಳುತ್ತದೆ. ಟೀ ಅಂಗಡಿಯ ಮೈಸೂರು ಪಾಕು ನೆನಪಾಯಿತು. ಮತ್ತೆ ಕೂತುಬಿಟ್ಟೆ. ಹೇಡಿ ನಾನು, ಹೇಳಿದೆನಲ್ಲ.

ಸಂಜೆಗೆ ಮುಂಚೆ ಗಂಡ ಶೆಡ್ಡಿನ ಬಾಗಿಲ ಆಚೆ ನಿಂತು ಮಾತಾಡಿಸಿದರು. ಪಾಪ, ನಾನಿಲ್ಲದೆ ಹೋಗಲು ಅವರಿಗೂ ಮನಸ್ಸಿರಲಿಲ್ಲ. ‘ಬೇಜಾರ್ ಮಾಡ್ಕಬ್ಯಾಡ. ಮುಂದಿನ್ ವರ್ಸ ನಾವಿಬ್ರೇ ಓಗನ. ಬೆಳಗಾಗೆದ್ದು ಸಮುದ್ರದಲ್ಲಿ ಚೆನ್ನಾಗಿ ಮುಳುಗ್ ಹಾಕಿ, ನಿನ್ ಹೆಸ್ರಲ್ಲೂ ಒಂದು ಹಾಕ್ಬುಟ್ಟು ಬತ್ತೀನಿ,’ ಎಂದು ನಕ್ಕರು.

ಆಗ ನನಗೆ ಆ ಮಾತು ನೆನಪಾಯಿತು. ಬಸುರಿಯ ಗಂಡ ಹೆಣ ಹೊರಬಾರದು, ಹಸಿ ಮರ ಕಡಿಯಬಾರದು, ಸಮುದ್ರದಲ್ಲಿ ಸ್ನಾನ ಮಾಡಬಾರದು. ಇದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ. ಸಮುದ್ರ ಕಂಡವರೇ ಇಲ್ಲದ ನಮ್ಮೂರಲ್ಲಿ ಅದು ಯಾರಿಗೂ ಬೇಕಾಗದ ಮಾತಾಗಿತ್ತು, ನನ್ನ ತಲೆಯಿಂದಲೂ ಜಾರಿಹೋಗಿತ್ತು. ನಾನು ಕುಲುಕಾಟದಿಂದ ತಪ್ಪಿಸಿಕೊಂಡೆ, ಇವರನ್ನು ನೆಟ್ಟಗೆ ಸಮುದ್ರಕ್ಕೆ ಕಳಿಸುತ್ತಿದ್ದೇನೆ! ‘ಸ್ನಾನ ಮಾಡಬೇಡಿ,’ ಅಂದೆ. ‘ಯಾಕೆ?’ ಅಂದರು. ‘ಅಲೆ... ಭಯ...’ ಅಂದೆ. ‘ಥೂ, ನಿನ್ನ ಪುಕ್ಕಲುತನಕ್ಕಿಷ್ಟು,’ ಎಂದು ನಗುತ್ತಾ ಹೊರಟುಹೋದರು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ವ್ಯಾನು ಬಂದು ಅಂಗಳದಲ್ಲಿ ನಿಂತಿತು. ಡಬ್ಬಿಗಳು, ಚೀಲಗಳು, ನೀರಿನ ಕ್ಯಾನು. ಮಕ್ಕಳು ಕಿಟಕಿಗಾಗಿ ಕಿತ್ತಾಡುತ್ತಿದ್ದವು. ಗಂಡ ಹೆಗಲ ಮೇಲೆ ಹೊಸ ಟವಲು ಹಾಕಿಕೊಂಡು ವ್ಯಾನಿನ ಹಿಂದಿನ ಬಾಗಿಲಲ್ಲಿ ಒಂದು ಕಾಲಿಟ್ಟು ನನ್ನ ಕಡೆ ಕೈ ಬೀಸಿದರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ.

ಆಗ ಅತ್ತೆ ಕಾಫಿ ತಂದರು. ತಣ್ಣೀರು ಹುಯ್ದುಕೊಂಡು ಮಡಿಯಲ್ಲಿದ್ದರು, ಹಣೆಗೆ ವಿಭೂತಿ. ಕಣ್ಣು ಊದಿಕೊಂಡಿತ್ತು. ‘ಲೋಟ ಇಡು,’ ಅಂದರು. ನಾನು ನೆಲದ ಮೇಲೆ ಇಟ್ಟೆ. ಅವರು ದೂರದಿಂದ ಬಗ್ಗಿ, ನನ್ನ ಲೋಟಕ್ಕೆ ತಮ್ಮ ಚೊಂಬು ತಾಕದ ಹಾಗೆ, ಎತ್ತರದಿಂದ ಕಾಫಿ ಹುಯ್ಯುತ್ತಿದ್ದರು. ಅಂಗಳದಲ್ಲಿ ಡ್ರೈವರು ವ್ಯಾನು ಶುರುಮಾಡಿದ.

ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

‘ಅಯ್ಯಯ್ಯೋ! ಮುಟ್ಬುಟ್ಟಲ್ಲೇ! ದೇವ್ರಿಗೆ ದೀಪ ಹಚ್ಚಿಲ್ಲ ಇನ್ನೂ, ತಲೆ ಕೆಟ್ಟದಾ ನಿಂಗೆ—’

ಅಲ್ಲಿಗೆ ನಿಂತರು. ನಾನು ಕೈ ಬಿಟ್ಟಿರಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದಿದ್ದೆ. ಮುಟ್ಟಾದವಳು ಮಡಿಯಲ್ಲಿರುವ ಅತ್ತೆಯನ್ನು ಹೀಗೆ ಹಿಡಿದುಕೊಳ್ಳುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ನನ್ನ ಕೈ ನೋಡಿದರು. ಆಮೇಲೆ ತಂತಿಯ ಮೇಲಿನ ಬಟ್ಟೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ತಿಳಿಯದು, ಕಣ್ಣೀರು ಮಾತ್ರ ಸುರಿಯುತ್ತಿತ್ತು.

ಅತ್ತೆ ಚೊಂಬನ್ನು ನೆಲಕ್ಕಿಟ್ಟರು. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಅಂಗಳಕ್ಕೆ ನಡೆದರು. ನಡೆದದ್ದಲ್ಲ, ಓಡಿದರು. ವ್ಯಾನಿನ ಹಿಂದಿನ ಬಾಗಿಲಿಗೆ ಹೋಗಿ, ಮಗನ ಹೆಗಲ ಮೇಲಿದ್ದ ಟವಲು ಹಿಡಿದು ಎಳೆದರು.

‘ಇಳಿಯೋ ಕೆಳಕ್ಕೆ.’

‘ಯಾಕವ್ವ?’

‘ನಿಂಗೆ ಜ್ವರ ಬಂದದೆ. ಇಳಿ.’

‘ನಂಗೆಲ್ಲಿ ಬಂದದೆ ಜ್ವರ? ಗುಂಡ್ಕಲ್ ಹಂಗಿವ್ನಿ!’

‘ಇಳಿ ಅಂದ್ರೆ ಇಳಿಬೇಕು! ನೀನು ಸಮುದ್ರಕ್ಕೋದ್ರೆ ನಾನು ಈ ಬಾವಿಗ್ ಬೀಳ್ತೀನಿ!’

ಮಾತೇ ಆಡದ ಹೆಂಗಸಿನ ಬಾಯಿಂದ ಆ ಕೂಗು ಕೇಳಿ ಮಕ್ಕಳೂ ತೆಪ್ಪಗಾದವು. ಗಂಡ ಮುಖ ಮುಖ ನೋಡುತ್ತಾ ಇಳಿದರು. ನಾದಿನಿ ಏನೋ ಕೇಳಲು ಬಾಯಿ ತೆರೆದಳು. ‘ನೀವು ಓಗ್ ಬನ್ನಿ, ಮಕ್ಕಳು ಆಸೆ ಇಟ್ಕಂಡವೆ,’ ಎಂದು ಅತ್ತೆ ತಾವೇ ಬಾಗಿಲು ದೂಡಿ ಹಾಕಿದರು. ವ್ಯಾನು ಧೂಳೆಬ್ಬಿಸಿಕೊಂಡು ಹೊರಟಿತು. ನನ್ನ ಗಂಡ ಅಂಗಳದ ಮಧ್ಯೆ ನಿಂತು ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಂಡರು.

ಈಗ ಅತ್ತೆ ಬಚ್ಚಲಿಗೆ ಹೋಗುತ್ತಾರೆ, ತಲೆಗೆ ಹುಯ್ದುಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಬಚ್ಚಲ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಶೆಡ್ಡಿಗೆ ಬಂದು, ನನ್ನ ಚಾಪೆಯ ಮೇಲೆ, ನನ್ನ ಮೈಗೆ ಮೈ ತಾಕಿಸಿಕೊಂಡು ಕೂತರು. ಏದುಸಿರು ಬಿಡುತ್ತಿದ್ದರು. ನನ್ನ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಮುಂದೆ ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರು ಹುಯ್ದ ಕೈಗಳು ಅವು, ಎಷ್ಟು ಗಟ್ಟಿ ಕೈಗಳು. ಆವತ್ತು ನನ್ನ ಕೈಗಿಂತ ಹೆಚ್ಚಾಗಿ ನಡುಗುತ್ತಿದ್ದವು.

ಈಗಲಾದರೂ ಹೇಳೋಣವೆಂದು, ‘ಅತ್ತೆ...’ ಅಂದೆ.

‘ಬಾಯ್ಬುಡಬ್ಯಾಡ ಕಣವ್ವ,’ ಅಂದರು. ‘ನಾನೂ ಕೇಳಾಕಿಲ್ಲ.’